ಆಗಸ್ಟ್‌ನಲ್ಲಿ ನಾಡದೋಣಿ ಇಳಿಸುವ ಮುನ್ನ: ಅಳಿವೆ, ಎಂಜಿನ್, ಜಾಕೆಟ್, ಬುತ್ತಿ ಬಗ್ಗೆ ಸಲಹೆ ಬೇಕು

ಕೋಡಿಕರೆ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ ಸೇರಿ ಈ ಬಾರಿ ಹಳೆಯ ಫೈಬರ್ ನಾಡದೋಣಿಯೊಂದನ್ನು ಕೊಂಡಿದ್ದೇವೆ. 28 ಅಡಿ ಉದ್ದ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲ್‌ನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ನಾಲ್ವರು ಹೋಗುವುದು, ಬೀಡುಬಲೆ ಬಿಡುವುದು, ಗಂಗೊಳ್ಳಿ ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿ) ಹೊರಟು ಆರೇಳು ನಾಟಿಕಲ್ ಮೈಲಿನ ಒಳಗೆ ಬಂಗುಡೆ, ಬೂತಾಯಿ ನೋಡಿಕೊಂಡು ಮಧ್ಯಾಹ್ನಕ್ಕೆ ವಾಪಸು ಬರುವುದು. ಇದು ನಮ್ಮ ಯೋಚನೆ.

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ 10 ಎಚ್‌ಪಿ ಮೀರದ ನಾಡದೋಣಿಗಳಿಗೆ ಇಲ್ಲವೆಂದು ಗೊತ್ತು. ಆದರೂ ನಡು ಮಳೆಗಾಲದಲ್ಲಿ ಇಳಿಯುವುದು ಬೇಡ, ಸಮುದ್ರ ಪೂಜೆ ಮುಗಿಯಲಿ ಎಂದು ಮನೆಯಲ್ಲಿ ಹಿರಿಯರು ಹೇಳಿದ್ದಾರೆ. ಭಾವ ಮೊದಲು ದೊಡ್ಡ ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸದಾಳು ಆಗಿದ್ದವರು. ನಾಡದೋಣಿಯನ್ನು ಸ್ವತಃ ನಡೆಸುವುದು ಇಬ್ಬರಿಗೂ ಹೊಸದು. ದೋಣಿಗೆ, ಎಂಜಿನ್‌ಗೆ, ನಮ್ಮ ನಾಲ್ವರಿಗೆ ಏನೇನು ಸಿದ್ಧ ಮಾಡಿಕೊಳ್ಳಬೇಕು? ಅನುಭವಸ್ಥರು ಬಿಡಿಸಿ ಹೇಳಿದರೆ ಉಪಕಾರ.

ಹಳೆ ತಾಂಡೇಲ, ಮಲ್ಪೆ

ತಮ್ಮಾ, ಹಿರಿಯರ ಮಾತು ಕೇಳಿದ್ದೀರಿ, ಸಂತೋಷ. ನೀವು ಆರೇಳು ಮೈಲಿ ದೂರದ ಕಡಲಿನ ಬಗ್ಗೆ ಯೋಚಿಸುತ್ತಿದ್ದೀರಿ. ನನ್ನ ಚಿಂತೆ ಇರುವುದು ಮೊದಲ ಅರ್ಧ ಮೈಲಿನ ಬಗ್ಗೆ. ಮಳೆಗಾಲದ ಕೊನೆಯಲ್ಲಿ ನಮ್ಮ ಕರಾವಳಿಯ ನಾಡದೋಣಿ ಮಗುಚಿತೆಂಬ ಸುದ್ದಿ ಬಂದಾಗ ಎಲ್ಲಿ ಎಂದು ಓದಿ ನೋಡಿ. ಗಂಗೊಳ್ಳಿ, ಕೋಡಿಬೆಂಗ್ರೆ, ಹೊನ್ನಾವರ, ತದಡಿ, ಎಲ್ಲ ಕಡೆಯೂ ಅದೇ ಅಳಿವೆ ಬಾಗಿಲು. ದಡದಲ್ಲಿ ನಿಂತವರು ನೋಡನೋಡುತ್ತಿದ್ದಂತೆ ಆಗುವ ಅಪಘಾತ ಅದು.

ಕಾರಣ ಹೇಳುತ್ತೇನೆ. ಮಳೆಗಾಲದಲ್ಲಿ ಹೊಳೆ ತಂದ ಮರಳು ಮತ್ತು ಅಲೆ ತಳ್ಳಿದ ಮರಳು ಬಾಗಿಲಲ್ಲೇ ದಿಬ್ಬ ಕಟ್ಟುತ್ತವೆ. ನಿಮ್ಮ ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ ಐದು ಹೊಳೆಗಳ ನೀರು ಒಂದೇ ಬಾಯಿಯಿಂದ ಹೊರಬೀಳಬೇಕು. ಇಳಿತದ ಹೊತ್ತಿಗೆ ಆ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ಬರುತ್ತದೆ. ಎರಡೂ ಎದುರುಬದುರಾದ ಜಾಗದಲ್ಲಿ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಹೊರಗೆ ಒಂದು ಮೀಟರ್ ಇರುವ ಅಲೆ ಬಾಗಿಲಲ್ಲಿ ಗೋಡೆಯಾಗುವುದು ಹೀಗೆ. ಆದ್ದರಿಂದ ನೀರು ಏರುತ್ತಿರುವಾಗ, ಉಬ್ಬರ ತುಂಬುವ ಕೊನೆಯ ಒಂದು ಅಥವಾ ಒಂದೂವರೆ ಗಂಟೆಯಲ್ಲಿ ದಾಟಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಇಂದು ಹೊರಟ ಗಂಟೆಗೇ ಮುಂದಿನ ವಾರವೂ ಹೊರಡುತ್ತೇನೆ ಎಂದರೆ ಆಗದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಆ ದಿನಗಳಲ್ಲಿ ಇಳಿತದ ಹೊಡೆತವೂ ಹೆಚ್ಚು.

ಹೊರಡುವ ದಿನ ಅರ್ಧ ಗಂಟೆ ಮೊದಲೇ ತಡೆಗೋಡೆಯ ಬಳಿ ನಿಂತು ನೋಡಿ. ದೊಡ್ಡ ಅಲೆಗಳು ಒಂದರ ಹಿಂದೊಂದು ಗುಂಪಾಗಿ ಬಂದು, ನಡುವೆ ಬಿಡುವು ಕೊಡುತ್ತವೆ. ಆ ಬಿಡುವು ಎಷ್ಟು ಹೊತ್ತು ಎಂದು ತಿಳಿಯದೆ ಎಂಜಿನ್ ಮುಟ್ಟಬೇಡಿ. ಬಿಡುವೇ ಸಿಗದಿದ್ದರೆ ಆ ದಿನದ ಮೀನುಗಾರಿಕೆ ಅಲ್ಲಿಗೆ ಮುಗಿಯಿತು, ಮನೆಗೆ ಹೋಗಿ. ಕಳೆದ ವರ್ಷದ ದಾರಿ ಈ ವರ್ಷ ಅಲ್ಲಿಯೇ ಇರುವುದಿಲ್ಲ. ಮೊದಲ ಕೆಲವು ಸಲ ಊರಿನ ಅನುಭವಿಗಳ ದೋಣಿಯ ಹಿಂದೆ ಅಂತರ ಬಿಟ್ಟು ಹೋಗಿ.

ಹೋಗುವುದಕ್ಕಿಂತ ಬರುವುದು ಕಷ್ಟ. ಹೋಗುವಾಗ ಅಲೆ ಎದುರಿಗೆ ಕಾಣುತ್ತದೆ, ಮೂತಿಯನ್ನು ನೇರ ಇಟ್ಟರೆ ಆಯಿತು. ಬರುವಾಗ ಅದು ಬೆನ್ನ ಹಿಂದೆ ಇರುತ್ತದೆ. ಒಂದು ಅಲೆಯ ಬೆನ್ನಿನ ಮೇಲೆ ನಿಂತು ಅದರ ವೇಗಕ್ಕೇ ಒಳಗೆ ಬರಬೇಕು. ಆತುರದಿಂದ ಅದನ್ನು ಹಿಂದೆ ಹಾಕಿ ಇಳಿಜಾರಿಗೆ ಬಿದ್ದರೆ ಮೂತಿ ನೀರಿಗೆ ಹೊಕ್ಕು ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆ ಸಾಕು. ಹಿಡಿದ ಮೀನನ್ನು ಮೂತಿಯಲ್ಲಿ ಗುಡ್ಡೆ ಹಾಕಬೇಡಿ, ನಡುವಿಗಿಂತ ಸ್ವಲ್ಪ ಹಿಂದಕ್ಕೆ, ತಳಕ್ಕೆ ಹರಡಿ. ಬಾಗಿಲಿಗೆ ಬಂದಾಗ ಯಾರೂ ಎದ್ದು ನಿಲ್ಲಬಾರದು.

ಎಂಜಿನ್ ಕೆಲಸ, ಹೊನ್ನಾವರ

ತಾಂಡೇಲರು ಹೇಳಿದ್ದಕ್ಕೆ ನಮ್ಮ ಶರಾವತಿಯ ವಿಷಯ ಸೇರಿಸುತ್ತೇನೆ. ದಡದಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದಿದ್ದರೆ ಹೊಳೆ ತುಂಬಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ತುಂಬಿ ಗೇಟು ತೆಗೆದರೆ ಅಳಿವೆಯ ಸೆಳೆತವೇ ಬೇರೆ. ಅಣೆಕಟ್ಟಿನ ಮುನ್ನೆಚ್ಚರಿಕೆ ಸುದ್ದಿಯನ್ನು ಮೀನುಗಾರರೂ ಓದಬೇಕು.

ಈಗ ಎಂಜಿನ್. ಹಳೆಯ ಎಂಜಿನ್ ಕೊಂಡಿದ್ದೀರಿ ಎಂದರೆ ಹಿಂದಿನವರು ಅದನ್ನು ಸಿಹಿನೀರಿನಲ್ಲಿ ತೊಳೆದಿದ್ದರೋ ಇಲ್ಲವೋ ನಿಮಗೆ ತಿಳಿಯದು. ತಂಪು ಮಾಡುವ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿದ್ದರೆ ಕಡಲಿನ ನಡುವೆ ಬಿಸಿಯೇರಿ ನಿಲ್ಲುತ್ತದೆ. ನೀರಿನ ಪಂಪಿನ ರಬ್ಬರ್ ರೆಕ್ಕೆಯನ್ನು ಬದಲಿಸಿಯೇ ಇಳಿಸಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಓಡುವಾಗ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲೆ ಸದಾ ಒಂದು ಕಣ್ಣಿರಲಿ. ಧಾರೆ ಸಣ್ಣಗಾದರೆ ಪ್ಲಾಸ್ಟಿಕ್ ಚೀಲ ಅಂಟಿರಬಹುದು, ಕೂಡಲೇ ನಿಲ್ಲಿಸಿ ನೋಡಿ.

ಮಳೆಗಾಲದಲ್ಲಿ ಎಂಜಿನ್ ನಿಲ್ಲುವುದಕ್ಕೆ ನಾನು ಕಾಣುವ ಮುಖ್ಯ ಕಾರಣ ಇಂಧನದಲ್ಲಿ ಸೇರಿದ ನೀರು. ಅರ್ಧ ತುಂಬಿದ ಕ್ಯಾನನ್ನು ತಿಂಗಳುಗಟ್ಟಲೆ ಇಟ್ಟರೆ ಒಳಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ಹಳೆಯ ಎಣ್ಣೆಯನ್ನು ಹಾಕಲೇಬೇಡಿ. ತುಂಬುವಾಗ ಸೋಸಿ, ಇಂಧನದ ಕೊಳವೆಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಸೀಮೆಎಣ್ಣೆ ಎಂಜಿನ್ ಇರುವವರು ಅಳಿವೆಗೆ ಬರುವ ಮೊದಲೇ ಪೆಟ್ರೋಲ್‌ಗೆ ಬದಲಿಸಿಕೊಳ್ಳಬೇಕು. ಬಾಗಿಲಲ್ಲಿ ಎಂಜಿನ್ ಆರಿದರೆ ತಕ್ಷಣ ಮತ್ತೆ ಹೊತ್ತಬೇಕಾದದ್ದು ಪೆಟ್ರೋಲ್‌ನಲ್ಲಿ. ದಡಕ್ಕೆ ಬಂದು ನಿಲ್ಲಿಸುವಾಗಲೂ ಕೊನೆಯ ಕೆಲವು ನಿಮಿಷ ಪೆಟ್ರೋಲ್‌ನಲ್ಲೇ ಓಡಿಸಿದರೆ ಮರುದಿನ ಹಗ್ಗ ಎಳೆದು ಎಳೆದು ಭುಜ ನೋಯುವುದಿಲ್ಲ.

ಇಂಧನದ ಲೆಕ್ಕ: ಹೋಗುವುದಕ್ಕೆ ಒಂದು ಪಾಲು, ಬರುವುದಕ್ಕೆ ಒಂದು ಪಾಲು, ಮುಟ್ಟದೆ ಇಡುವುದಕ್ಕೆ ಇನ್ನೊಂದು ಪಾಲು. ಆ ಮೂರನೆಯ ಪಾಲು ಬೇರೆ ಕ್ಯಾನಿನಲ್ಲೇ ಇರಲಿ. ಪೆಟ್ಟಿಗೆಯಲ್ಲಿ ಎರಡು ಸ್ಪಾರ್ಕ್ ಪ್ಲಗ್, ಪ್ಲಗ್ ಪಾನಾ, ಫ್ಯಾನಿನ (ದೋಣಿ ತಳ್ಳುವ ಪ್ರೊಪೆಲ್ಲರ್) ಪಿನ್‌ಗಳು, ಎಳೆಯುವ ಹಗ್ಗ ಇನ್ನೊಂದು, ಇಕ್ಕಳ, ಇನ್ಸುಲೇಷನ್ ಟೇಪ್, ತಂತಿ. ಎಂಜಿನನ್ನು ದೋಣಿಗೆ ಬಿಗಿದ ಬೋಲ್ಟಿನ ಜೊತೆಗೆ ಒಂದು ಸರಪಳಿಯನ್ನೋ ಹಗ್ಗವನ್ನೋ ಕಟ್ಟಿ. ಎಂಜಿನ್ ಹಿಡಿದವನ ಕೈಗೆ, ಬಿದ್ದರೆ ಎಂಜಿನ್ ಆರುವ ದಾರ ಕಡ್ಡಾಯ. ಅದನ್ನು ಹಿಡಿಕೆಗೆ ಸುತ್ತಿಟ್ಟು ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನುಷ್ಯ ನೀರಿಗೆ ಬಿದ್ದ ಮೇಲೆ ಓಡುತ್ತಲೇ ಇರುವ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರುತ್ತದೆ.

ಗಾಳದ ಹವ್ಯಾಸಿ, ಮಂಗಳೂರು

ಲೈಫ್ ಜಾಕೆಟ್ ಬಗ್ಗೆ ಒಂದು ಪ್ರಶ್ನೆ. ನಮ್ಮ ಕಡೆಯ ಮೀನುಗಾರ ಗೆಳೆಯರು ಅದನ್ನು ದೋಣಿಯಲ್ಲಿ ಇಟ್ಟುಕೊಳ್ಳುತ್ತಾರೆ, ಹಾಕುವುದಿಲ್ಲ. ದಪ್ಪ ಜಾಕೆಟ್‌ನಲ್ಲಿ ಬಲೆ ಎಳೆಯಲು ಆಗುವುದಿಲ್ಲ, ಸೆಕೆ, ಬಲೆಯ ಕಣ್ಣು ಬಕಲ್‌ಗೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾರೆ. ಅದರಲ್ಲಿ ಸತ್ಯವೂ ಇದೆ. ಇದಕ್ಕೆ ದಾರಿ ಏನು?

ಹಳೆ ತಾಂಡೇಲ, ಮಲ್ಪೆ

ಸತ್ಯ ಇದೆ, ಒಪ್ಪುತ್ತೇನೆ. ಆದರೆ ಅಳಿವೆ ದಾಟುವಾಗ ಯಾರೂ ಬಲೆ ಎಳೆಯುವುದಿಲ್ಲ. ಹೋಗುವಾಗ, ಬರುವಾಗ, ಕತ್ತಲಿರುವಾಗ, ಮಳೆಗಾಳಿ ಎದ್ದಾಗ ಮೈಮೇಲೆ ಜಾಕೆಟ್ ಇರಲೇಬೇಕು, ಬಕಲ್ ಹಾಕಿರಲೇಬೇಕು. ಈಜು ಬಾರದವನು ಹೊರಟಲ್ಲಿಂದ ಮರಳುವ ತನಕ ತೆಗೆಯಬಾರದು. ನನ್ನ ದೋಣಿಯಲ್ಲಿ ಇದಕ್ಕೆ ವಾದವಿಲ್ಲ.

ಇನ್ನು, ಜಾಕೆಟನ್ನು ದಿಂಬು ಮಾಡಿಕೊಳ್ಳುವುದು, ಅದರ ಮೇಲೆ ಕೂರುವುದು, ಬಿಸಿಲಲ್ಲಿ ಬಿಡುವುದು ನಿಲ್ಲಬೇಕು. ಒಳಗಿನ ಫೋಮ್ ಚಪ್ಪಟೆಯಾದ ಜಾಕೆಟ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಹೊಳೆಯ ಎದೆಮಟ್ಟದ ನೀರಿನಲ್ಲಿ ನಾಲ್ವರೂ ಅವರವರ ಜಾಕೆಟ್ ಹಾಕಿ ಕಾಲು ಮಡಚಿ ತೇಲಿ ನೋಡಿ. ಕುತ್ತಿಗೆಯ ಮೇಲಕ್ಕೆ ಜಾರಿ ಬಂದರೆ ಅಳತೆ ಸರಿಯಿಲ್ಲ. ಪ್ರತಿಯೊಂದಕ್ಕೂ ಒಂದು ಸೀಟಿ ಕಟ್ಟಿ. ಕತ್ತಲಲ್ಲಿ ಅಲೆಯ ಸದ್ದಿನ ನಡುವೆ ಕೂಗು ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ. ಗಂಬೂಟು ಬೇಡ. ನೀರು ತುಂಬಿದರೆ ಕಾಲು ಎತ್ತಲಾಗುವುದಿಲ್ಲ.

ದಡದವಳು, ಭಟ್ಕಳ

ನನ್ನ ಮನೆಯವರು, ಮೈದುನ ಇಬ್ಬರೂ ಕಡಲಿಗೆ ಹೋಗುವವರು, ನಾನು ಮೀನು ಮಾರುವವಳು. ದೋಣಿಯ ಸಿದ್ಧತೆಯಲ್ಲಿ ದಡದಲ್ಲಿ ಉಳಿಯುವವರ ಸಿದ್ಧತೆಯೂ ಸೇರಬೇಕು. ಅದನ್ನು ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ಗೋಡೆಗೆ ಒಂದು ವಹಿ ತೂಗುಹಾಕಿದ್ದೇವೆ. ಹೋಗುವ ದಿನ ಅದರಲ್ಲಿ ಬರೆಯುವುದು: ಯಾರು ಯಾರು ಹೋದರು, ಯಾರ ಮೊಬೈಲ್ ಜೊತೆಗಿದೆ, ಯಾವ ದಿಕ್ಕಿಗೆ, ಎಷ್ಟು ಮಾರು ಆಳದವರೆಗೆ, ಎಷ್ಟು ಎಣ್ಣೆ ಒಯ್ದರು, ಎಷ್ಟು ಗಂಟೆಗೆ ಬರುತ್ತಾರೆ. ಜೊತೆಗೆ ದೋಣಿಯ ನೋಂದಣಿ ಸಂಖ್ಯೆ, ಬಣ್ಣ, ದೋಣಿಯ ಒಂದು ಫೋಟೊ ನನ್ನ ಮೊಬೈಲ್‌ನಲ್ಲಿದೆ. ಅಪಾಯ ಬಂದಾಗ ಕರಾವಳಿ ಕಾವಲು ಪೊಲೀಸರಾಗಲಿ ಕೋಸ್ಟ್ ಗಾರ್ಡ್ ಆಗಲಿ ಮೊದಲು ಕೇಳುವುದು ಇವನ್ನೇ. ಗಾಬರಿಯಲ್ಲಿ ದೋಣಿಯ ನಂಬರ್ ಬಾಯಿಗೆ ಬರುವುದಿಲ್ಲ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಎರಡನ್ನೂ ದೊಡ್ಡದಾಗಿ ಬರೆದು ವಹಿಯ ಮೇಲೆಯೇ ಅಂಟಿಸಿದ್ದೇವೆ.

ಮುಖ್ಯವಾದದ್ದು ಗಡುವು. ಹೇಳಿದ ಹೊತ್ತಿಗಿಂತ ಎಷ್ಟು ತಡವಾದರೆ ಅಕ್ಕಪಕ್ಕದ ದೋಣಿಯವರನ್ನು ಕೇಳಬೇಕು, ಎಷ್ಟು ತಡವಾದರೆ ಕರೆ ಮಾಡಬೇಕು ಎಂದು ಹೋಗುವ ಮೊದಲೇ ಮಾತಾಗಿರುತ್ತದೆ. ಆಗ ‘ಇನ್ನೂ ಸ್ವಲ್ಪ ಕಾಯೋಣ, ಸುಮ್ಮನೆ ಗಲಾಟೆ ಯಾಕೆ’ ಎಂದು ಹಿಂದೇಟು ಹಾಕುವ ಪ್ರಶ್ನೆಯೇ ಇಲ್ಲ. ಬೆಳಕಿರುವಾಗ ಹುಡುಕುವುದಕ್ಕೂ ಕತ್ತಲಾದ ಮೇಲೆ ಹುಡುಕುವುದಕ್ಕೂ ಎಷ್ಟು ವ್ಯತ್ಯಾಸ! 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನಲ್ಲಿದ್ದ ಏಳು ಮಂದಿಯ ಮನೆಯವರು ಎಷ್ಟು ತಿಂಗಳು ಕಾದರು ಎಂದು ನಾವೆಲ್ಲ ನೋಡಿದ್ದೇವೆ. ಬೋಟಿನ ಅವಶೇಷ ಮಾಲ್ವಣದ ಆಚೆ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಹೋದವರು ಎಲ್ಲಿದ್ದಾರೆ ಎಂಬ ಒಂದು ಸಾಲು ಮಾಹಿತಿಗೆ ಏನು ಬೆಲೆ ಎಂಬುದು ಆ ಮನೆಗಳಿಗೆ ಗೊತ್ತು.

ಕೋಡಿಕರೆಯವರೇ, ನಿಮ್ಮ ಮನೆಯಲ್ಲಿ ಈ ವಹಿ ಹಿಡಿಯುವವರು ಯಾರೆಂದು ಈಗಲೇ ಗೊತ್ತುಮಾಡಿ. ಹಾಗೆಯೇ ಗುಂಪು ವಿಮೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮರಣಕ್ಕೆ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ ಇದೆ. ನಾಲ್ವರ ಹೆಸರೂ ಅದರಲ್ಲಿ ಇದೆಯೇ ಎಂದು ಮೀನುಗಾರರ ಸಹಕಾರ ಸಂಘದಲ್ಲಿ ಕೇಳಿ. ಆಧಾರ್ ಕಾರ್ಡು, ದೋಣಿಯ ಕಾಗದಪತ್ರ ನೀರು ಹೋಗದ ಚೀಲದಲ್ಲಿ ಜೊತೆಗಿರಲಿ.

ಕೋಡಿಕರೆ, ಕುಂದಾಪುರ

ಅಕ್ಕಾ, ವಹಿ ಹಿಡಿಯುವುದು ನನ್ನ ತಂಗಿ, ಅಂದರೆ ಭಾವನ ಹೆಂಡತಿ. ನಿಮ್ಮ ಬರಹ ಓದಿ ಅವಳೇ ಹೇಳಿದಳು. ಹವಾಮಾನ ನೋಡುವುದು ಹೇಗೆ ಎಂದು ಯಾರಾದರೂ ತಿಳಿಸುತ್ತೀರಾ? ಮೊಬೈಲ್‌ನಲ್ಲಿ ಮಳೆಯ ಚಿತ್ರ ಬರುವ ಆ್ಯಪ್ ಇದೆ, ಅದು ಸಾಕೇ?

ಗಾಳದ ಹವ್ಯಾಸಿ, ಮಂಗಳೂರು

ಸಾಲದು. ಮಳೆಯ ಚಿತ್ರದಿಂದ ಅಲೆ ತಿಳಿಯುವುದಿಲ್ಲ. ಎರಡು ಕಡೆ ನೋಡಿ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯಲ್ಲಿ ಗಾಳಿಯ ವೇಗ ಇರುತ್ತದೆ. ‘ಗಂಟೆಗೆ 45ರಿಂದ 55 ಕಿ.ಮೀ., ಆಗಾಗ 65’ ಎಂಬ ಸಾಲು ಕಂಡರೆ ಆ ದಿನ ನಾಡದೋಣಿಗೆ ಕಡಲಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ದೂರದಿಂದ ಬರುವ ಉಬ್ಬಲೆ, ಪ್ರವಾಹದ ಮುನ್ಸೂಚನೆ ಕೊಡುತ್ತದೆ. ಅವರ ‘ಸಮುದ್ರ’ ಆ್ಯಪ್‌ನಲ್ಲಿ ಸಿಗುತ್ತದೆ.

ಉಬ್ಬಲೆಯ ಬಗ್ಗೆ ಒಂದು ಮಾತು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ನಮ್ಮಿಂದ ಸಾವಿರಾರು ಕಿ.ಮೀ. ಆಚೆ ಎದ್ದ ಬಿರುಗಾಳಿಯ ಅಲೆ ದಿನಗಳ ನಂತರ ಇಲ್ಲಿ ದಡಕ್ಕೆ ಬಡಿಯುತ್ತದೆ. ಆ ದಿನ ಇಲ್ಲಿ ಗಾಳಿ ಇರುವುದಿಲ್ಲ, ಆಕಾಶ ನಿರ್ಮಲವಾಗಿರುತ್ತದೆ. ಗಾಳಿ ನೋಡಿ ಹೊರಟವರಿಗೆ ಅಳಿವೆಯಲ್ಲಿ ಮೋಸವಾಗುತ್ತದೆ. ಅಲೆಗಳ ನಡುವಿನ ಅಂತರ 15 ಸೆಕೆಂಡು ದಾಟಿದೆ ಎಂದು ಮುನ್ಸೂಚನೆಯಲ್ಲಿ ಕಂಡರೆ, ಎತ್ತರ ಕಡಿಮೆ ಇದ್ದರೂ ಅಂದು ಬಾಗಿಲಲ್ಲಿ ಎಚ್ಚರ.

ಹಳೆ ತಾಂಡೇಲ, ಮಲ್ಪೆ

ಸರಿಯಾಗಿ ಹೇಳಿದಿರಿ. ಹೊರಟ ಮೇಲೂ ಪಡುವಣ ದಿಕ್ಕನ್ನು ನೋಡುತ್ತಿರಬೇಕು. ಕಪ್ಪು ಮೋಡದ ಕೆಳಗೆ ನೀರು ಬಿಳಿಯಾಗಿ ಕಂಡು, ಇದ್ದ ಗಾಳಿ ಒಮ್ಮೆಲೇ ನಿಂತು ತಣ್ಣಗಾದರೆ ಬಲೆ ಎಳೆಯಲು ಹೊತ್ತು ಕಡಿಮೆ. ಬಲೆ ಪೂರ್ತಿ ಬರುವಂತಿಲ್ಲದಿದ್ದರೆ ತುದಿಗೆ ತೇಲುವ ಕ್ಯಾನ್ ಕಟ್ಟಿ, ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಟ್ಟು ಬಿಟ್ಟುಬನ್ನಿ. ಬಲೆಗೆ ಸಾಲ ಮಾಡಿರುತ್ತೀರಿ, ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೂ ಬಿಟ್ಟುಬನ್ನಿ.

ಕೋಡಿಕರೆ, ಕುಂದಾಪುರ

ಫ್ಯಾನಿಗೆ ಬಲೆ ಸುತ್ತಿಕೊಂಡರೆ? ಭಾವನಿಗೆ ಇದರದ್ದೇ ಭಯ.

ಎಂಜಿನ್ ಕೆಲಸ, ಹೊನ್ನಾವರ

ಭಯ ನ್ಯಾಯವಾದದ್ದೇ. ಎಂಜಿನ್ ನಿಂತ ಕ್ಷಣದಿಂದ ದೋಣಿ ಅಲೆಗೆ ಅಡ್ಡ ತಿರುಗತೊಡಗುತ್ತದೆ. ಎಲ್ಲರೂ ಹಿಂಬದಿಗೆ ಓಡಿ ಬಲೆ ಬಿಡಿಸಲು ಬಾಗಿದರೆ ಹಿಂದಿನಿಂದ ನೀರು ಒಳಗೆ ಬರುತ್ತದೆ. ಮೊದಲ ಕೆಲಸ ಮೂತಿಯ ಕಡೆಯದು. ಒಬ್ಬರು ಲಂಗರು ಹಾಕಿ, ದೋಣಿಯ ಮೂತಿ ಅಲೆಗೆ ಎದುರಾಗಿ ನಿಂತ ಮೇಲೆ ಎಂಜಿನ್ ಎತ್ತಿ, ಎಂಜಿನ್ ಆರಿಸುವ ದಾರ ಕಿತ್ತು, ಬಲೆಯನ್ನು ಚೂರಿಯಿಂದ ಕೊಯ್ಯಿರಿ. ನೀರು ಆಳವಿದ್ದು ಲಂಗರು ಹಿಡಿಯದಿದ್ದರೆ, ಬಾಯಿ ತೆರೆದ ದೊಡ್ಡ ಬುಟ್ಟಿಯನ್ನೋ ಟಾರ್ಪಾಲಿನ ಚೀಲವನ್ನೋ ಮೂತಿಯಿಂದ ಉದ್ದ ಹಗ್ಗದಲ್ಲಿ ನೀರಿಗೆ ಬಿಡಿ. ಅದು ನೀರನ್ನು ಹಿಡಿದು ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತದೆ. ಲಂಗರಿನ ಹಗ್ಗ ನೀರಿನ ಆಳದ ಐದು ಪಟ್ಟಾದರೂ ಇರಲಿ, ಲಂಗರಿನ ಬಳಿ ಒಂದೆರಡು ಮಾರು ಸರಪಳಿ ಇರಲಿ. ಚೂರಿ ಎರಡು ಬೇಕು, ಒಂದು ಹಿಂದೆ, ಒಂದು ಮೂತಿಯಲ್ಲಿ, ಎರಡೂ ದಾರ ಕಟ್ಟಿದವು. ಹುಟ್ಟುಗಳನ್ನು ಮನೆಯಲ್ಲಿ ಬಿಟ್ಟು ಹೋಗುವ ಹೊಸ ಚಾಳಿ ಬೇಡವೇ ಬೇಡ.

ಫೈಬರ್ ದೋಣಿಯ ಒಳಮೈಯನ್ನೂ ನೋಡಿ. ಮೂತಿಯ ಕೆಳಗೆ, ಎಂಜಿನ್ ಕೂರುವ ಹಲಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕಿದೆಯೇ? ತಟ್ಟಿದಾಗ ಒಂದು ಕಡೆ ಮಾತ್ರ ಪೊಳ್ಳು ಸದ್ದು ಬಂದರೆ ಒಳಗೆ ನೀರು ಹೊಕ್ಕಿರಬಹುದು. ಮೇಲೆ ಬಣ್ಣ ಹೊಡೆದು ಮಾರುವವರಿದ್ದಾರೆ. ಎರಡೂ ತುದಿಯ ಗಾಳಿ ಪೆಟ್ಟಿಗೆಗಳಲ್ಲಿ ಥರ್ಮೊಕೋಲ್ ಒಣಗಿದೆಯೇ, ತಳದ ಬಿರಡೆ ಭದ್ರವಾಗಿದೆಯೇ ನೋಡಿ. ದೋಣಿ ಮಗುಚಿದರೂ ತೇಲುವುದು ಆ ಪೆಟ್ಟಿಗೆಗಳಿಂದಲೇ. ದಡ ಹತ್ತಿರ ಕಂಡಿತೆಂದು ಈಜಿ ಹೋಗುವುದಕ್ಕಿಂತ ತೇಲುವ ದೋಣಿಯನ್ನು ಹಿಡಿದುಕೊಂಡಿರುವುದು ಮೇಲು. ಹುಡುಕುವವರಿಗೆ ತಲೆಗಿಂತ ಬೇಗ ದೋಣಿ ಕಾಣುತ್ತದೆ.

ದಾದಿ, ಕಾರವಾರ

ಔಷಧದ ಪೆಟ್ಟಿಗೆಯ ಬಗ್ಗೆ ನಾನು ಹೇಳುತ್ತೇನೆ. ಗಾಯ ತೊಳೆಯುವ ದ್ರಾವಣ, ಬ್ಯಾಂಡೇಜ್, ಅಗಲವಾದ ಗಾಜ್ ಬಟ್ಟೆ, ಓಆರ್‌ಎಸ್, ನೋವಿನ ಮಾತ್ರೆ, ವಾಂತಿಯ ಮಾತ್ರೆ. ಯಾರಿಗಾದರೂ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಒಂದು ದಿನದ್ದು ಹೆಚ್ಚಿಗೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನೋ ಕಾಲನ್ನೋ ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಬೇಕು, ನೋವು ಇಳಿಯುತ್ತದೆ. ಅದಕ್ಕಾಗಿ ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ. ಚುಚ್ಚಿಸಿಕೊಂಡವರಿಗೆ ಸಂವೇದನೆ ಕಡಿಮೆಯಾಗಿರುತ್ತದೆ, ನೀರಿನ ಬಿಸಿಯನ್ನು ಇನ್ನೊಬ್ಬರು ಕೈ ಹಾಕಿ ನೋಡಬೇಕು. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಮುಳ್ಳನ್ನು ಕೀಳದೆ ನೇರ ಆಸ್ಪತ್ರೆಗೆ. ಮುಳ್ಳು, ಗಾಳ, ತುಕ್ಕು ಹಿಡಿದ ತಂತಿಯ ಜೊತೆ ಕೆಲಸ ಮಾಡುವವರು ಧನುರ್ವಾಯು ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಂಡಿರಬೇಕು.

ನೀರು ಒಬ್ಬರಿಗೆ ನಾಲ್ಕು ಲೀಟರ್. ಮಧ್ಯಾಹ್ನಕ್ಕೇ ಬರುವವರಿಗೆ ಇಷ್ಟೇಕೆ ಎನ್ನಬೇಡಿ. ಎಂಜಿನ್ ಕೈಕೊಟ್ಟು ಸಂಜೆಯಾದರೆ ಅದು ಬೇಕಾಗುತ್ತದೆ. ಒಂದೇ ದೊಡ್ಡ ಕ್ಯಾನ್ ಬೇಡ, ಮೂರ್ನಾಲ್ಕಾಗಿ ಹಂಚಿ ಕಟ್ಟಿಡಿ.

ದಡದವಳು, ಭಟ್ಕಳ

ಬುತ್ತಿಗೆ ನಾವು ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಉಪ್ಪಿನಕಾಯಿ ಕೊಟ್ಟು ಕಳುಹಿಸುತ್ತೇವೆ. ಅದರ ಜೊತೆ ಮುಟ್ಟದೆ ಇಡುವ ಡಬ್ಬಿಯೊಂದು ಬೇರೆ: ಅವಲಕ್ಕಿ, ಬೆಲ್ಲ, ಕಡಲೆಬೀಜ. ಬಳಸದಿದ್ದರೆ ವಾರಕ್ಕೊಮ್ಮೆ ಬದಲಿಸುತ್ತೇನೆ. ಹೊರಡುವ ಹಿಂದಿನ ರಾತ್ರಿ ಮದ್ಯ ಕುಡಿದವರನ್ನು ನಮ್ಮ ದೋಣಿಗೆ ಹತ್ತಿಸುವುದಿಲ್ಲ, ಸ್ವಂತ ಅಣ್ಣತಮ್ಮಂದಿರಾದರೂ.

ಹತ್ತು ದಿನದ ಬೋಟು, ಮಲ್ಪೆ

ನಾಡದೋಣಿಯ ಚರ್ಚೆಯಲ್ಲಿ ಆಳಸಮುದ್ರದವರೂ ಓದುತ್ತಿರಬಹುದು, ಎರಡು ವಿಷಯ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳ ಸೇರುತ್ತದೆ. ಸಿಲಿಂಡರ್ ಮೇಲ್ಗಡೆಯೇ ಇರಲಿ. ಇನ್ನೊಂದು, ಮೀನು ಕೊಳೆತು ದಿನಗಟ್ಟಲೆ ಮುಚ್ಚಿದ್ದ ಸ್ಟೋರೇಜಿನ ಒಳಗೆ ಹಾಗೆಯೇ ಇಳಿಯಬೇಡಿ. ಅಲ್ಲಿ ವಿಷಾನಿಲ ಇರುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮುಚ್ಚಳ ತೆರೆದು ಚೆನ್ನಾಗಿ ಗಾಳಿ ಆಡಿಸಿದ ಮೇಲೆಯೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.

ಕೋಡಿಕರೆ, ಕುಂದಾಪುರ

ಎಲ್ಲವನ್ನೂ ಬರೆದುಕೊಂಡಿದ್ದೇನೆ. ಇದೇ ಭಾನುವಾರ ಹೊಳೆಯಲ್ಲಿ ಜಾಕೆಟ್ ಪರೀಕ್ಷೆ, ಅದೇ ದಿನ ಎಂಜಿನ್ ಪಂಪ್ ಬಿಚ್ಚುವುದು. ಕೊನೆಯ ಸಂಶಯ: ನಮಗೆ ದೂರ ಹೋದರೆ ಮೊಬೈಲ್ ಸಿಗ್ನಲ್ ಬಿಟ್ಟುಬಿಟ್ಟು ಬರುತ್ತದೆ. ವಿಎಚ್‌ಎಫ್ ರೇಡಿಯೊ ಕೊಳ್ಳಬೇಕೇ, ಇಸ್ರೋದ ಅಪಾಯ ಸೂಚಕ ಸಾಧನ ಸಾಕೇ?

ಗಾಳದ ಹವ್ಯಾಸಿ, ಮಂಗಳೂರು

ಎರಡರ ಕೆಲಸ ಬೇರೆ. ವಿಎಚ್‌ಎಫ್‌ನ 16ನೇ ಚಾನೆಲ್‌ನಲ್ಲಿ ಕೂಗಿದರೆ ಹತ್ತಿರದ ಬೋಟು, ಹಡಗಿನವರಿಗೆ ಕೇಳಿಸುತ್ತದೆ, ಮತ್ತು ಬೇಗ ಬರುವವರು ಅವರೇ. ಇಸ್ರೋದ ಸಾಧನದ ಸಂದೇಶ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ಹೋಗುತ್ತದೆ, ಅದಕ್ಕೆ ಸಿಗ್ನಲ್ ಬೇಡ. ಎರಡನೇ ತಲೆಮಾರಿನದ್ದಾದರೆ ಸಂದೇಶ ತಲುಪಿತು ಎಂಬ ಮರುತ್ತರವೂ ದೋಣಿಗೆ ಬರುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಕೊಡುವ ಯೋಜನೆ ಆರಂಭಿಸಿದೆ. ನಿಮ್ಮ ದೋಣಿಗೆ ಸಿಗುತ್ತದೆಯೇ ಎಂದು ಮೀನುಗಾರಿಕೆ ಇಲಾಖೆಯ ಕುಂದಾಪುರ ಕಚೇರಿಯಲ್ಲಿ ವಿಚಾರಿಸಿ. ದುಡ್ಡು ಒಂದಕ್ಕೇ ಇದ್ದರೆ ಮೊದಲು ವಿಎಚ್‌ಎಫ್ ಕೊಳ್ಳಿ, ನೀರಿನಲ್ಲಿ ತೇಲುವ ಕೈಸೆಟ್ ಆಗಿರಲಿ. ಅದರ ಪರವಾನಗಿಯನ್ನೂ ಮಾಡಿಸಿ.

ಎಂಜಿನ್ ಕೆಲಸ, ಹೊನ್ನಾವರ

ಪಂಪ್ ಬಿಚ್ಚಿದಾಗ ಗೇರ್ ಎಣ್ಣೆಯನ್ನೂ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ನೀರು ಒಳಗಿದೆ. ಹಾಗಿದ್ದರೆ ಫೋಟೊ ಹಾಕಿ, ಮುಂದೆ ಏನು ಮಾಡಬೇಕೆಂದು ಹೇಳುತ್ತೇನೆ.